ಆರ್ಮರಾಡ್ ತಮಾಷೆ ಮಾಡಿರಲಿಲ್ಲ

ನಮ್ಮ ಇಂಗ್ಲೆಂಡಿನವರಿಗೆ ಒಂದು ಕೆಟ್ಟ ಚಾಳಿ. ಜೀವ ತೇದು ಮಾಡಿದ ಕೆಲಸವನ್ನು ಯಾರಾದರೂ ಹೊಗಳಿದರೆ ‘ಅಯ್ಯೋ, ಅದೇನು ಮಹಾ’ ಎಂದು ತನ್ನನ್ನು ತಾನೇ ಹಳಿದುಕೊಳ್ಳಬೇಕು. ಕೇಳಿದವರು ನಕ್ಕು ಇನ್ನಷ್ಟು ಹೊಗಳಬೇಕು. ಇದಕ್ಕೆ ಸಭ್ಯತೆ ಎಂದು ಹೆಸರು. ವಿಲ್ಫ್ರೆಡ್ ಆರ್ಮರಾಡರ ಬೀಳ್ಕೊಡುಗೆಯ ಊಟ ಉಂಡು ಬಂದ ಮೇಲೆ ಆ ಸಭ್ಯತೆಯ ಹೆಸರೆತ್ತಿದರೇ ನನಗೆ ಸಿಟ್ಟು ಬರುತ್ತದೆ.

ಆರ್ಮರಾಡ್ ಓಲ್ಡಮ್ ಊರಿನ ಹತ್ತಿಗಿರಣಿ ಕೆಲಸಗಾರನ ಮಗ. ಅಪ್ಪ ಭಾನುವಾರ ಪ್ರಾರ್ಥನಾಮಂದಿರದಲ್ಲಿ ಉಪದೇಶ ಮಾಡುತ್ತಿದ್ದ. ಅವನು ‘ಆದ್ದರಿಂದ’ ಎಂದಲ್ಲೆಲ್ಲ ಮಗ ‘ಅದು ಹೇಗೆ?’ ಎಂದು ಕೇಳಿ ಬೈಸಿಕೊಳ್ಳುತ್ತಿದ್ದನಂತೆ. ಮುಂದೆ ಆ ಪ್ರಶ್ನೆಯೇ ಕಸುಬಾಯಿತು. ಗಣಿತತರ್ಕ ಎಂದರೆ ಅಷ್ಟೇ: ಲೆಕ್ಕ ಮಾಡುವುದಲ್ಲ, ಲೆಕ್ಕದವರು ‘ಆದ್ದರಿಂದ’ ಎಂದಾಗ ಅದು ನಿಜಕ್ಕೂ ಹಾಗೆಯೇ ಎಂದು ನೋಡುವುದು. ವಿದ್ಯಾರ್ಥಿವೇತನದಲ್ಲಿ ಓದಿದರು. ಯುದ್ಧದ ಕಾಲದಲ್ಲಿ ಯಾವುದೋ ಗುಟ್ಟಿನ ಕಚೇರಿಯಲ್ಲಿದ್ದರು; ಹೇಳಬಾರದು ಎಂದು ಮೇಲಿನವರು ಅಂದಿದ್ದರಂತೆ, ಇವರು ಕೊನೆಯವರೆಗೂ ಹೇಳಲಿಲ್ಲ. ಆಮೇಲೆ ಯಾರ್ಕ್‌ಷೈರಿನ ನಮ್ಮ ವಿಶ್ವವಿದ್ಯಾಲಯಕ್ಕೆ ಬಂದು, ಇನ್ನೂ ಚಿಕ್ಕ ವಯಸ್ಸಿನಲ್ಲೇ ಒಂದು ಪ್ರಮೇಯ ಸಾಧಿಸಿ ಹೆಸರು ಮಾಡಿದರು. ಒಂದು ಜಾತಿಯ ಪ್ರಶ್ನೆಗಳಿಗೆ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಖಚಿತ ವಿಧಾನ ಇದ್ದೇ ಇದೆ ಎಂಬುದು ಅದರ ತಿರುಳು; ಉತ್ತರ ಹುಡುಕುತ್ತ ಹೋದರೆ ಆ ಹುಡುಕಾಟ ಎಂದಾದರೂ ಮುಗಿದೇ ಮುಗಿಯುತ್ತದೆ ಎಂಬುದೇ ಅದಕ್ಕೆ ಆಧಾರ.

ಮದುವೆಯಾಗಲಿಲ್ಲ. ಮಧ್ಯಾಹ್ನಕ್ಕೆ ಚೀಸು, ಬ್ರೆಡ್ಡು, ಉಪ್ಪಿನಲ್ಲಿಟ್ಟ ಈರುಳ್ಳಿ. ಪಕ್ಕದ ಕೋಣೆಯಲ್ಲಿ ವರ್ಷಗಟ್ಟಲೆ ಪಾಠದ ತಯಾರಿ ಮಾಡಿಕೊಂಡು ಕೂತ ನಾನು, ಅವರು ಒಂದು ಸಲವೂ ತಮಾಷೆ ಮಾಡಿದ್ದನ್ನು ಕೇಳಿಲ್ಲ. ಒಳ್ಳೆಯ ಬಿಸಿಲು ಎಂದರೆ ಕಿಟಕಿಗೆ ಹೋಗಿ ನೋಡಿ, ಈಗ ಇದೆ ಎನ್ನುವ ಮನುಷ್ಯ. ಅಂಥವರ ಕೊನೆಯ ಶಿಷ್ಯೆ ಥೆಲ್ಮಾ ಗಾರ್ಸೈಡ್, ಬಸ್ ಕಂಡಕ್ಟರನ ಮಗಳು. ಅವಳ ಇಡೀ ಪಿಎಚ್.ಡಿ. ಪ್ರಬಂಧ ನಿಂತಿದ್ದು ಗುರುವಿನ ಆ ಪ್ರಮೇಯದ ಮೇಲೆ. ಅದು ಬಿದ್ದರೆ ಅವಳ ಪದವಿಯೂ ಇಲ್ಲ, ಸಿಗಬೇಕಾದ ಕೆಲಸವೂ ಇಲ್ಲ.

ಊಟ ಶನಿವಾರ. ಉಪಕುಲಪತಿಯೂ ಬಂದಿದ್ದರು. ನಮ್ಮ ವಿಭಾಗದ ಮುಖ್ಯಸ್ಥ ಫೇರ್‌ಕ್ಲಫ್, ಬೆಣ್ಣೆ ಹಚ್ಚುವುದರಲ್ಲಿ ನಿಸ್ಸೀಮ, ಹೊಸ ತರ್ಕಕೇಂದ್ರಕ್ಕೆ ಆರ್ಮರಾಡರ ಹೆಸರಿಡುತ್ತೇವೆ ಎಂದು ಸಾರಿ ಕೂತ. ಆರ್ಮರಾಡ್ ಎದ್ದರು.

“ನನ್ನ ಪ್ರಮೇಯ ತಪ್ಪು. ದಯವಿಟ್ಟು ಯಾರೂ ಅದನ್ನ ನೆಚ್ಕೋಬೇಡಿ.”

ಸಭೆ ಗೊಳ್ಳೆಂದು ನಕ್ಕಿತು. ಮೊದಲು ನಕ್ಕವನು ಫೇರ್‌ಕ್ಲಫ್. ಆರ್ಮರಾಡ್ ಅದೇ ಮಾತನ್ನು ಮತ್ತೆ ಹೇಳಿದರು. ಎಂಥ ವಿನಯ ಎಂದು ಉಪಕುಲಪತಿ ಮೇಜು ತಟ್ಟಿದರು. ಥೂ, ಓದಿದವರಂತೆ! ನಿಜ ಹೇಳಲು ಬಾಯಿ ತೆರೆದವನನ್ನು ಚಪ್ಪಾಳೆಯಿಂದ ಹೂತುಹಾಕಿದರು. ಥೆಲ್ಮಾಳೂ ನಗುತ್ತಿದ್ದಳು. ಅದನ್ನು ಕಂಡಾಗ ಆರ್ಮರಾಡರ ಮುಖ ಬಿಳಿಚಿತು. ಕುರ್ಚಿಗಳ ನಡುವೆ ನುಸುಳಿ ನೇರ ಅವಳ ಹತ್ತಿರ ಹೋದರು.

“ನಿನಗೆ ಯಾರೂ ಹೇಳಲಿಲ್ವೇನಮ್ಮಾ? ಆ ಹುಡುಕಾಟ ಎಲ್ಲೋ ಒಂದ್ಕಡೆ ನಿಂತೇ ನಿಲ್ಲುತ್ತೆ ಅಂದ್ಕೊಂಡ್ಬಿಟ್ಟಿದ್ದೆ. ನಿಲ್ಲಲ್ಲ ಥೆಲ್ಮಾ.”

ಅವಳಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಮಂಗಳವಾರ ಗೊತ್ತಾಯಿತು, ಬುಧವಾರ ಬೆಳಗ್ಗೆಯೇ ಫೇರ್‌ಕ್ಲಫ್‌ಗೆ ಹೇಳಿದೆ, ಹುಡುಗಿಗೆ ನಾನೇ ಹೇಳುತ್ತೇನೆ ಎಂದು ಅವನು ಮಾತು ಕೊಟ್ಟ ಎಂದರು. ಕೊಟ್ಟ ಮಾತು ಎಂದರೆ ನಡೆಸುವ ಮಾತು ಎಂದೇ ಅವರು ತಿಳಿದಿದ್ದರು.

ಥೆಲ್ಮಾ ಫೇರ್‌ಕ್ಲಫ್ ಕಡೆ ತಿರುಗಿದಳು. ದನಿ ಏರಲಿಲ್ಲ.

“ಗುರುವಾರ ನನ್ನ ಪ್ರಬಂಧಕ್ಕೆ ಸಹಿ ಹಾಕಿ ಕಳಿಸಿದ್ರಲ್ಲ ಸರ್. ಎಲ್ಲೂ ಒಂದು ತೂತಿಲ್ಲ ಅಂತ ಕೈ ಕುಲುಕಿದ್ರಲ್ಲ.”

ಅವನು ಮೊದಲು ನೋಡಿದ್ದು ಅವಳನ್ನಲ್ಲ, ಉಪಕುಲಪತಿಗೆ ಕೇಳಿಸಿತೇ ಎಂದು. ಆಮೇಲೆ ಮುಂದಕ್ಕೆ ಬಾಗಿ, ಹಲ್ಲು ಕಿರಿಯುತ್ತಲೇ ಅಂದ:

“ಇವತ್ತು ಬೇಡಮ್ಮಾ, ದೊಡ್ಡೋರೆಲ್ಲ ಬಂದಿದಾರೆ. ಮೊದ್ಲು ಪುಡಿಂಗ್ ತಿನ್ನು.”

ಹಾಗೆಂದು ತನ್ನ ಪುಡಿಂಗನ್ನು ತಿನ್ನತೊಡಗಿದ.