ಕೂತವರ ಎಡಗಡೆ

ನಾನು ಸಂಜೆ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ, ತರಗತಿಯವರೆಲ್ಲ ‘ಹಿರಿಯಣ್ಣ’ ಎಂದು ಕರೆಯುತ್ತಿದ್ದ ವಿದ್ಯಾರ್ಥಿಯೊಬ್ಬರಿದ್ದರು. ಉಳಿದವರಿಗೆ ಮೀಸೆ ಚಿಗುರುವ ವಯಸ್ಸು. ಇವರ ಮೀಸೆಯಲ್ಲಿ ಆಗಲೇ ಬಿಳಿ ಇಣುಕುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದೊಂದು ಸಲೂನು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಮೂಲೆಯಲ್ಲಿ ಹಳೆಯ ವಾರಪತ್ರಿಕೆಗಳ ರಾಶಿ. ಹಗಲೆಲ್ಲ ಅಲ್ಲಿ ಕತ್ತರಿ ಆಡಿಸಿ, ಸಂಜೆ ಅಂಗಿ ಕೊಡವಿಕೊಂಡು ತರಗತಿಗೆ ಬರುತ್ತಿದ್ದರು. ಎಷ್ಟು ಕೊಡವಿದರೂ ಕಾಲರಿನಲ್ಲಿ ನಾಲ್ಕಾರು ಕೂದಲೆಳೆ ಉಳಿದೇ ಇರುತ್ತಿದ್ದವು.

“ಅಣ್ಣಾ, ಇವತ್ತು ಯಾರ ತಲೇನ ಕಾಲೇಜಿಗೆ ಸೇರಿಸಿದ್ರಿ?” ಎಂದು ಪಕ್ಕದ ಹುಡುಗರು ಕಾಡಿಸಿದರೆ,

“ನಿಮ್ಮ ತಲೆಗಿಂತ ಇದೇ ವಾಸಿ ಕಣ್ರೋ, ಪಾಠ ಮುಗಿಯೋವರೆಗೂ ಅಲ್ಲಾಡಲ್ಲ” ಎನ್ನುತ್ತಿದ್ದರು.

ಆ ವಯಸ್ಸಿನಲ್ಲಿ ಲೆಕ್ಕಶಾಸ್ತ್ರ ಮತ್ತು ಹಣಕಾಸಿನ ಪದವಿಗೆ ಸೇರುವುದು ಅವರಿಗೆ ಶೋಕಿಯಾಗಿರಲಿಲ್ಲ. ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಬೇರೂರಿತ್ತು. ಕತ್ತರಿ ಹಿಡಿದು ಸ್ವಲ್ಪ ಹೊತ್ತಾದರೆ ಬೆರಳು ಮರಗಟ್ಟಿ, ಮಡಚಿದ್ದು ಬಿಚ್ಚುತ್ತಿರಲಿಲ್ಲ. “ನೀವು ಕತ್ತರೀನ ಬಿಡದಿದ್ರೆ ಬೆರಳು ನಿಮ್ಮನ್ನ ಬಿಟ್ಟುಬಿಡುತ್ತೆ” ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅವರ ಗಿರಾಕಿಗಳಲ್ಲಿ ಔಷಧದ ಸಗಟು ವ್ಯಾಪಾರಿಯೊಬ್ಬರಿದ್ದರು. ಕುರ್ಚಿಯಲ್ಲಿ ಕೂತಿದ್ದಾಗ ಒಮ್ಮೆ ಈ ಮಾತು ಕೇಳಿ, “ನಮ್ಮ ಲೆಕ್ಕದ ಗುಮಾಸ್ತರು ಇನ್ನು ಕೆಲವು ವರ್ಷಕ್ಕೆ ನಿವೃತ್ತಿ ಆಗ್ತಾರೆ. ಆ ಜಾಗ ನಿಮಗೇ ಕೊಡ್ತೀನಿ. ಆದರೆ ಪದವಿ ಇಲ್ಲದವರನ್ನ ಲೆಕ್ಕಕ್ಕೆ ಕೂರಿಸಬಾರದು ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ಓದ್ತೀರಾ?” ಎಂದಿದ್ದರು. ಹಿರಿಯಣ್ಣ ಮರುವಾರವೇ ಅರ್ಜಿ ತುಂಬಿದರು.

ಅವರ ಬರವಣಿಗೆಯಲ್ಲಿ ತೊಡಕಿರಲಿಲ್ಲ. ಜಾಣರೆಂದು ಹೇಳಲಾರೆ, ಆದರೆ ಬಿಡದೆ ತಿದ್ದಿ ತಿದ್ದಿ ಕಲಿಯುವವರು. ತೊಡಕಿದ್ದದ್ದು ಮಾತಿನಲ್ಲಿ. ನಾನು ಎದುರು ನಿಂತು ಪ್ರಶ್ನೆ ಕೇಳಿದರೆ ನಾಲಿಗೆ ಹೊರಳುತ್ತಿರಲಿಲ್ಲ; ಎದ್ದು ನಿಂತು ಬೂಟು ನೋಡಿಕೊಳ್ಳುತ್ತಿದ್ದರು. ದೊಡ್ಡ ವಯಸ್ಸಿನ ಸಂಕೋಚ ಎಂದುಕೊಂಡು ನಾನು ಬಲವಂತ ಮಾಡುತ್ತಿರಲಿಲ್ಲ.

ಆ ಸಂಕೋಚವೇ ಕೊನೆಗೆ ಕುತ್ತಿಗೆಗೆ ಬಂತು. ಲಿಖಿತ ಪರೀಕ್ಷೆಗಳೆಲ್ಲ ಪಾಸಾದವು. ಉಳಿದದ್ದು ಕೊನೆಯ ವರ್ಷದ ಯೋಜನಾ ವರದಿಯ ಮೌಖಿಕ ಪರೀಕ್ಷೆ. ಸಣ್ಣ ಅಂಗಡಿಗಳು ದಿನದ ವಹಿವಾಟಿಗೆ ಬಂಡವಾಳವನ್ನು ಹೇಗೆ ಹೊಂದಿಸುತ್ತವೆ ಎಂದು ತಮ್ಮ ಬೀದಿಯ ಅಂಗಡಿಗಳನ್ನೆಲ್ಲ ಸುತ್ತಿ ಅವರು ಒಳ್ಳೆಯ ವರದಿಯನ್ನೇ ಬರೆದಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಎದುರು ಅದರ ಬಗ್ಗೆ ಒಂದು ಮಾತೂ ಆಡಲಾಗದೆ ಮೊದಲ ಸಲ ನಪಾಸಾದರು. ಅಷ್ಟರಲ್ಲಿ ವಿಶ್ವವಿದ್ಯಾಲಯ ಹಳೆಯ ಪಠ್ಯಕ್ರಮವನ್ನೇ ನಿಲ್ಲಿಸಿತು. ಈ ಸಲವೂ ನಪಾಸಾದರೆ ಮೊದಲ ವರ್ಷದಿಂದ ಹೊಸದಾಗಿ ಶುರುಮಾಡಬೇಕು. ಅಲ್ಲಿಯವರೆಗೆ ಆ ಬೆರಳೂ ಕಾಯುವಂತಿರಲಿಲ್ಲ, ಆ ಕೆಲಸವೂ ಕಾಯುವಂತಿರಲಿಲ್ಲ.

ಮನೆಯಲ್ಲಿ ಅವರ ಹೆಂಡತಿ ಪರೀಕ್ಷಕಿಯಾಗಿದ್ದರು. ಹೊಲಿಗೆ ಯಂತ್ರ ತುಳಿಯುತ್ತಲೇ, ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಪ್ರಶ್ನೆ ಹಾಕುತ್ತಿದ್ದರಂತೆ.

“ಸವಕಳಿ ಅಂದ್ರೇನ್ರೀ?”

“ನಮ್ಮ ಮದುವೆ ಫೋಟೋ ಒಂದ್ಸಲ ನೋಡು, ಆಮೇಲೆ ನನ್ನ ನೋಡು.”

“ಪರೀಕ್ಷಕರ ಹತ್ರ ಈ ತಮಾಷೆ ಮಾಡ್ರಿ, ಗೊತ್ತಾಗುತ್ತೆ ನಿಮಗೆ!”

ಹೊಲಿಗೆ ಯಂತ್ರದ ಕಡೆ ಮುಖ ಮಾಡಿ ಕೂತ ಹೆಂಡತಿಯ ಬೆನ್ನ ಹಿಂದೆ ನಿಂತು ಹಿರಿಯಣ್ಣ ಎಲ್ಲ ಉತ್ತರಗಳನ್ನೂ ಸರಾಗವಾಗಿ ಹೇಳುತ್ತಿದ್ದರು. ಹಾಗಾಗಿ ಆಕೆಗೆ ಧೈರ್ಯವಿತ್ತು. ನನಗಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಔಷಧದ ವ್ಯಾಪಾರಿಗಳ ಫೋನು ಬಂದಿತ್ತು. ಗುಮಾಸ್ತರು ಹೊರಟು ನಿಂತಿದ್ದರು. ವ್ಯಾಪಾರಿಗಳ ತಮ್ಮ ಆ ಜಾಗಕ್ಕೆ ಬೇರೊಬ್ಬರನ್ನು ಕರೆತಂದಿದ್ದ. “ಇವತ್ತು ಅಂಗಡಿ ಮುಚ್ಚೋದ್ರೊಳಗೆ ಏನಾಯ್ತು ಅಂತ ತಿಳಿಸಿಬಿಡಿ. ನಾಳೆಗೆ ನನ್ನ ಮಾತು ನಡೆಯಲ್ಲ” ಎಂದಿದ್ದರಂತೆ. ಕಾಲೇಜಿನ ಮೆಟ್ಟಿಲ ಬಳಿ ಇದನ್ನು ನನಗೆ ಹೇಳುವಾಗ ಹಿರಿಯಣ್ಣನ ತುಟಿ ಬಿಳಿಚಿಕೊಂಡಿತ್ತು. ಹೆಂಡತಿ ಬುತ್ತಿಯ ಡಬ್ಬಿ ಹಿಡಿದು ಜೊತೆಗೆ ಬಂದಿದ್ದರು. ಅದರ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

“ಬೆಳಿಗ್ಗೆಯಿಂದ ಒಂದು ತುತ್ತು ಇಳಿಸಿಲ್ಲ ಮೇಷ್ಟ್ರೇ. ನೀವಾದ್ರೂ ಹೇಳಿ.”

“ಇಳಿಸಿದ್ದು ಅಲ್ಲೇ ಮೇಜಿನ ಮೇಲೆ ವಾಪಸ್ ಬಂದ್ರೆ?” ಎಂದರು ಹಿರಿಯಣ್ಣ.

ಪರೀಕ್ಷೆಯ ಕೊಠಡಿ ಮೊದಲ ಮಹಡಿಯಲ್ಲಿತ್ತು. ಉದ್ದನೆಯ ಮೇಜು; ಈಚೆ ಪರೀಕ್ಷಕರು, ಅವರ ಪಕ್ಕದಲ್ಲಿ ಕಾಲೇಜಿನ ಪರವಾಗಿ ನಾನು; ಆಚೆ ವಿದ್ಯಾರ್ಥಿಯ ಕುರ್ಚಿ. ಸಾಕ್ಷಿಯಾಗಿ ಕೂತು ಕೊನೆಯಲ್ಲಿ ಸಹಿ ಹಾಕುವುದಷ್ಟೇ ನನ್ನ ಕೆಲಸ. ಪ್ರಶ್ನೆ ಕೇಳುವಂತಿಲ್ಲ, ಸುಳಿವು ಕೊಡುವಂತಿಲ್ಲ, ತಲೆಯಾಡಿಸುವಂತಿಲ್ಲ. ಪರೀಕ್ಷಕರು ಒಳ್ಳೆಯವರೇ, ಆದರೆ ಕಟ್ಟುನಿಟ್ಟಿನವರು. ಬೇರೆಯವರಿಂದ ಬರೆಸಿ ತಂದ ವರದಿಗಳನ್ನು ಹಿಂದಿನ ಊರಿನಲ್ಲಿ ಹಿಡಿದು ಬಂದಿದ್ದರು. ಆ ಬೇಸರ ಇನ್ನೂ ಮುಖದ ಮೇಲಿತ್ತು.

ಹಿರಿಯಣ್ಣ ಬಂದು ಕೂತರು. ಪರೀಕ್ಷಕರು ವರದಿಯ ಹಾಳೆ ತಿರುವಿ, “ಯಾಕೆ ಈ ವಿಷಯ ಆರಿಸಿಕೊಂಡ್ರಿ?” ಎಂದು ಕೇಳಿದರು.

ಹಿರಿಯಣ್ಣನ ಬಾಯಿ ತೆರೆಯಿತು. ಗಂಟಲಿನಲ್ಲಿ ಒಣ ಸದ್ದೊಂದು ಹೊರಟಿತೇ ಹೊರತು ಮಾತು ಬರಲಿಲ್ಲ.

“ಇರಲಿ, ಗಾಬರಿ ಬೇಡ. ಸುಲಭದ್ದೇ ಕೇಳ್ತೀನಿ” ಎಂದು ಪರೀಕ್ಷಕರು ಒಂದು ಬಿಳಿ ಹಾಳೆಯ ಮೇಲೆ ನಡುವೆ ಗೆರೆ ಎಳೆದು, ತಲೆಯ ಮೇಲೊಂದು ಅಡ್ಡಗೆರೆ ಹಾಕಿ ಖಾತೆಯ ಚಿತ್ರ ಬರೆದರು. ವಿದ್ಯಾರ್ಥಿಗೆ ನೇರವಾಗಿ ಕಾಣಲೆಂದು ಹಾಳೆಯನ್ನು ಅವರ ಕಡೆಗೆ ತಿರುಗಿಸಿಟ್ಟರು. “ಅಂಗಡಿಗೆ ಒಂದು ಯಂತ್ರ ಕೊಂಡಿರಿ. ಯಂತ್ರದ ಖಾತೆಯಲ್ಲಿ ಯಾವ ಕಡೆ ಬರೀತೀರಿ? ಬಾಯಿ ಬರದಿದ್ರೆ ಕೈಯಲ್ಲೇ ತೋರಿಸಿ.”

ಬಂದದ್ದು ಎಡಗಡೆ, ಹೋದದ್ದು ಬಲಗಡೆ. ಮೊದಲ ತಿಂಗಳ ಪಾಠ. ಹಿರಿಯಣ್ಣನ ಬೆರಳು ಹೋಗಿ ಬಲಗಡೆ ನಿಂತಿತು.

ಪರೀಕ್ಷಕರು ಹುಬ್ಬು ಗಂಟಿಕ್ಕಿದರು. “ನಗದು ಕೊಟ್ಟಿರಿ. ನಗದಿನ ಖಾತೆ?”

ಬೆರಳು ಎಡಗಡೆಗೆ ಹೋಯಿತು. ಅದೂ ತಪ್ಪು.

ಪರೀಕ್ಷಕರು ಅಂಕದ ಹಾಳೆಯಲ್ಲಿ ಏನನ್ನೋ ಬರೆದು, ವರದಿಯನ್ನು ಮುಚ್ಚಿ ಅದರ ಮೇಲೆ ಅಂಗೈ ಊರಿದರು.

“ನೋಡಿ, ನೇರವಾಗಿ ಕೇಳ್ತೀನಿ. ಇದನ್ನ ಯಾರು ಬರೆದುಕೊಟ್ರು?”

ಹಿರಿಯಣ್ಣನ ಮುಖಕ್ಕೆ ರಕ್ತ ನುಗ್ಗಿತು. ಆ ಮಾತು ಹಾಳೆಯ ಮೇಲೆ ಹೋದರೆ ನಪಾಸಿನಷ್ಟಕ್ಕೇ ನಿಲ್ಲುವುದಿಲ್ಲ. ಮತ್ತೆ ಪರೀಕ್ಷೆಗೆ ಕೂರದಂತೆ ಹೆಸರು ಹೊಡೆದುಹಾಕುತ್ತಾರೆ. ಇದು ಅವರಿಗೂ ಗೊತ್ತು. ಹೇಳಬೇಕು, ಬಾಯಿ ಬಿಟ್ಟು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಒದ್ದಾಡುತ್ತಿದ್ದೆ. ಗೋಡೆಯ ಗಡಿಯಾರದ ಸದ್ದು ತಲೆಗೆ ಮೊಳೆ ಹೊಡೆದಂತೆ ಕೇಳುತ್ತಿತ್ತು.

ಹಿರಿಯಣ್ಣ ಆ ಬಿಳಿ ಹಾಳೆಯನ್ನೇ ನೋಡಿದರು. ಆಮೇಲೆ ಪರೀಕ್ಷಕರ ಭುಜಗಳನ್ನು ನೋಡಿದರು, ಒಂದು ಭುಜ, ಮತ್ತೊಂದು ಭುಜ. ಥಟ್ಟನೆ ಎದ್ದು ನಿಂತರು.

“ಸರ್...” ಎಂದರು. “ನಾನು ಆ ಕಡೆ ಬರಬಹುದಾ?”

“ಯಾವ ಕಡೆ?”

“ನಿಮ್ಮ ಹಿಂದೆ.”

ಪರೀಕ್ಷಕರು ನನ್ನ ಮುಖ ನೋಡಿದರು. “ಇದೇನ್ರೀ ಇದು?”

“ಹಿಂದೆ ನಿಲ್ಲಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ” ಎಂದಷ್ಟೇ ಹೇಳಿದೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚಾಗಿದ್ದರೂ ಸುಳಿವಾಗುತ್ತಿತ್ತು.

ಹಿರಿಯಣ್ಣ ಮೇಜು ಸುತ್ತಿ ಬಂದು ಅವರ ಕುರ್ಚಿಯ ಹಿಂದೆ ನಿಂತರು. ನಾನು ಕಣ್ಣಾರೆ ನೋಡಿದ್ದು ಇದು: ಅಷ್ಟು ಬಿಗಿಯಾಗಿ ಕೂತಿದ್ದ ಪರೀಕ್ಷಕರು ತಮಗರಿವಿಲ್ಲದೆಯೇ ಬೆನ್ನು ನೆಟ್ಟಗೆ ಮಾಡಿ ಕತ್ತು ತುಸು ಮುಂದಕ್ಕೆ ಬಾಗಿಸಿದರು. ಸಲೂನಿನ ಕುರ್ಚಿಯ ಹಿಂದೆ ನಿಂತವರಂತೆ ಹಿರಿಯಣ್ಣನ ಉಸಿರು ಹದಕ್ಕೆ ಬಂತು.

“ನಾನು ತಪ್ಪು ತೋರಿಸಿದೆ ಸರ್. ನಮ್ಮ ಕಸುಬಿನಲ್ಲಿ ಎಡ ಅಂದ್ರೆ ಕೂತವರ ಎಡ. ನಮ್ಮ ಎಡಕ್ಕೆ ಬೆಲೆಯಿಲ್ಲ. ಎದುರಿಗೆ ಬಂದು ನಿಂತಾಗಲೂ ಅವರ ಎಡವನ್ನೇ ಎಡ ಅನ್ಬೇಕು, ಇಲ್ಲದಿದ್ರೆ ಕಿವಿ ಮುಂದಿನ ಒಂದು ಕೃತಾವು ಮೇಲೆ, ಒಂದು ಕೆಳಗೆ ಆಗಿಬಿಡುತ್ತೆ. ನೀವು ಹಾಳೆ ನನ್ನ ಕಡೆ ತಿರುಗಿಸಿದ್ರಿ, ನಾನು ನಿಮ್ಮ ಎಡ ತೋರಿಸಿಬಿಟ್ಟೆ. ಈಗ ಕೇಳಿ ಸರ್. ಈಗ ನಿಮ್ಮ ಎಡ, ನನ್ನ ಎಡ ಒಂದೇ ಕಡೆ ಇದೆ.”

ಅವರು ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಪರೀಕ್ಷಕರು ತಿರುಗಿ ನೋಡಲಿಲ್ಲ. ವರದಿಯನ್ನು ಮತ್ತೆ ತೆರೆದರು. “ಬೇಕರಿಗಿಂತ ಬಟ್ಟೆ ಅಂಗಡಿಗೆ ಬಂಡವಾಳ ಹೆಚ್ಚು ದಿನ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಬರೆದಿದ್ದೀರಿ. ಯಾಕೆ?”

“ಬೇಕರಿ ಸರಕು ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತೆ ಸರ್, ಉಳಿದ್ರೆ ಹಾಳು. ಬಟ್ಟೆ ಕಪಾಟಿನಲ್ಲೇ ಕೂತಿರುತ್ತೆ. ಕೂತಿರೋ ಪ್ರತಿ ಥಾನೂ ದುಡಿಯದೆ ಮಲಗಿರೋ ಬಂಡವಾಳ.”

ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಕೆಲವಕ್ಕೆ ಸರಿಯಾಗಿ ಹೇಳಿದರು, ಒಂದಕ್ಕೆ ಅಡ್ಡಾದಿಡ್ಡಿ ಹೇಳಿ ತಾವೇ ತಿದ್ದಿಕೊಂಡರು. ಷೇರು ಬಂಡವಾಳ, ಸಾಲದ ಬಂಡವಾಳಗಳ ಸರಾಸರಿ ವೆಚ್ಚ ಕಂಡುಹಿಡಿಯುವ ಕ್ರಮ ಕೇಳಿದಾಗ ತಡವರಿಸಿ ನಿಂತುಬಿಟ್ಟರು.

“ಗೊತ್ತಿಲ್ಲ ಸರ್. ಓದಿದ್ದೆ. ಈಗ ತಲೆಗೆ ಬರ್ತಿಲ್ಲ.”

“ಸಾಕು. ಹೋಗಿ.”

ಬಾಗಿಲು ಮುಚ್ಚಿದ ಮೇಲೆ ಪರೀಕ್ಷಕರು ಪೆನ್ನು ಕೈಗೆತ್ತಿಕೊಂಡರು. “ವರದಿ ಅವರದೇ, ಅದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಆದರೆ ಮೊದಲ ಎರಡು ಉತ್ತರ ತಪ್ಪು ಅಂತ ಬರೆದಾಗಿದೆ. ಅದನ್ನ ಹೊಡೆದುಹಾಕಲ್ಲ. ಕೊನೆಯದೂ ಬಿಟ್ಟರು. ಉಳಿದದ್ದಕ್ಕೆ ಉಳಿದಷ್ಟು ಕೊಡ್ತೀನಿ.”

ಅವರು ಅಂಕ ತುಂಬಿ, ಹಾಳೆಯನ್ನು ಮಡಚಿ, ಒಟ್ಟು ಹಾಕಿ ಸಂಜೆಯೊಳಗೆ ಫಲಿತಾಂಶ ಹಚ್ಚುವ ಕೆಲಸವನ್ನು ಕಚೇರಿಗೆ ಬಿಟ್ಟು ಲಕೋಟೆ ಮುಚ್ಚಿದರು. ನಾನು ಲಕೋಟೆಯ ಮೇಲೆ ಸಹಿ ಹಾಕಿದೆ. ಒಳಗೆ ಏನಿದೆ ಎಂದು ನನಗೂ ಗೊತ್ತಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಗಂಡ ಹೆಂಡತಿ ಕೂತಿದ್ದರು. ಹಿರಿಯಣ್ಣ ನನ್ನ ಮುಖ ಓದಲು ನೋಡಿದರು. ಓದುವುದಕ್ಕೆ ಅಲ್ಲೇನೂ ಇರಲಿಲ್ಲ. ಹೊತ್ತು ಇಳಿಯಿತು. ಎದುರಿನ ಬೀದಿಯಲ್ಲಿ ಅಂಗಡಿಯ ಬಾಗಿಲೊಂದು ಗರಗರನೆ ಕೆಳಗಿಳಿದಾಗ ಅವರು ಬೆಚ್ಚಿ ಎದ್ದು, ಮತ್ತೆ ಕೂತರು.

“ಅವರದಲ್ಲ ರೀ, ಅದು ಚಪ್ಪಲಿ ಅಂಗಡಿ” ಎಂದರು ಹೆಂಡತಿ.

“ಅವರದೂ ಮುಚ್ಚೋ ಹೊತ್ತಾಯ್ತು ಕಣೇ.”

ಕೊನೆಗೂ ಕಚೇರಿಯ ಗುಮಾಸ್ತ ಹಾಳೆಯೊಂದನ್ನು ತಂದು ಸೂಚನಾ ಫಲಕಕ್ಕೆ ಅಂಟಿಸಿದ. ಹಿರಿಯಣ್ಣ ಕೂತಲ್ಲಿಂದ ಏಳಲಿಲ್ಲ. “ನೀನೇ ಹೋಗು. ನನ್ನ ಕಾಲು ಬರ್ತಿಲ್ಲ” ಎಂದರು.

ಆಕೆ ಹೋಗಿ ಫಲಕದ ಮುಂದೆ ನಿಂತರು. ಬೆರಳಿಟ್ಟು ಸಾಲನ್ನು ಹುಡುಕಿದರು. ಅಲ್ಲೇ ನಿಂತರು. ಬೆರಳನ್ನು ಮತ್ತೆ ಮೇಲಿನಿಂದ ಇಳಿಸಿಕೊಂಡು ಬಂದರು.

“ಏನಾಯ್ತೇ? ಹೇಳಬಾರದಾ?” ಹಿರಿಯಣ್ಣ ಕೂಗಿದರು.

“ಇರ್ರೀ, ಪಕ್ಕದ ಸಾಲಿನವರದ್ದನ್ನ ನಿಮ್ಮದು ಅಂತ ಓದಿಬಿಟ್ರೆ?” ಆಕೆ ತಿರುಗಿದರು. ಕಣ್ಣು ತುಂಬಿತ್ತು. “ಪಾಸು. ಅಂಚಿನಲ್ಲಿ ಪಾಸು. ಕೂದಲೆಳೆ ಅಷ್ಟೇ!”

ಹಿರಿಯಣ್ಣ ಫೋನು ತೆಗೆದರು. ಹೆಬ್ಬೆರಳು ಸೆಟೆದುಕೊಂಡಿತ್ತು, ಗುಂಡಿ ಒತ್ತಲು ಆಗಲಿಲ್ಲ. ಹೆಂಡತಿ ಫೋನು ಕಿತ್ತುಕೊಂಡು, ಒತ್ತಿ, ಅವರ ಕಿವಿಗೆ ಹಿಡಿದರು. ಆಚೆ ಬಹಳ ಹೊತ್ತು ಗಂಟೆ ಬಾರಿಸಿತು. ಯಾರೂ ಎತ್ತುತ್ತಿಲ್ಲ ಎಂದುಕೊಳ್ಳುವಷ್ಟರಲ್ಲಿ ವ್ಯಾಪಾರಿಗಳ ದನಿ ಕೇಳಿತು.

“ಬೀಗ ಹಾಕ್ತಾ ಇದ್ದೆ ನೋಡಿ. ಏನಾಯ್ತು?”

“ಪಾಸಾದೆ ಅಣ್ಣ.”

ವ್ಯಾಪಾರಿಗಳು ಬಾಯಿ ಆ ಕಡೆ ತಿರುಗಿಸಿ ಯಾರಿಗೋ, “ಕೇಳಿಸ್ಕೊಂಡ್ಯೇನೋ ತಮ್ಮಾ?” ಎಂದದ್ದು ನಮಗೂ ಕೇಳಿತು. ಆಮೇಲೆ, “ಸೋಮವಾರ ಅಂಗಡಿ ತೆಗೆಯೋ ಹೊತ್ತಿಗೆ ಬಂದುಬಿಡಿ. ಗುಮಾಸ್ತರು ಹೋಗೋ ಮುಂಚೆ ಎಲ್ಲಾ ತೋರಿಸಿಕೊಡ್ತಾರೆ.”

“ಬರ್ತೀನಿ ಅಣ್ಣ” ಎಂದರು ಹಿರಿಯಣ್ಣ. ಆಮೇಲೆ ಗೋಡೆಗೆ ತಲೆಯೊರಗಿಸಿ, ಕಣ್ಣು ಮುಚ್ಚಿ, ಒಂದು ದೊಡ್ಡ ಉಸಿರು ಬಿಟ್ಟರು.

“ಹಸಿವಾಗ್ತಿದೆ ಕಣೇ” ಎಂದರು.