ಗೋಧಿ ಹುಗ್ಗಿಯ ಮೇಲಿನ ಮೇಣದಬತ್ತಿ

2009ರಲ್ಲಿ, ಹನ್ನೊಂದನೆಯ ಕ್ಲಾಸಿನ ನಡುವೆ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಆ ಚಳಿಗಾಲ ಈಗಲೂ ಮೂಗಿನಲ್ಲಿದೆ: ಬೇಯುವ ಗೋಧಿ, ಬೆಲ್ಲ, ಏಲಕ್ಕಿ, ಆರಿಸಿದ ಬತ್ತಿಯ ಹೊಗೆ.

ಆಗ ನಾವು ಡಲ್ಲಾಸಿಗೆ ಹತ್ತಿದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಫ್ರೀವೇ ಸದ್ದು ನಿಲ್ಲದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮದು ನವಲಗುಂದ. ಅಪ್ಪ ಹೋಟೆಲಿನಲ್ಲಿ ಅಡುಗೆಯವರು. ಪಕ್ಕದ ಮನೆಯಲ್ಲಿ ರೊಮೇನಿಯಾದ ಯೋನ್ ಅಂಕಲ್, ಟೈಲ್ಸ್ ಹಾಕುವವರು, ಮತ್ತು ಅವರ ತಾಯಿ. ಆಕೆಯನ್ನು ನಾವೂ ಬುನಿಕಾ ಎನ್ನುತ್ತಿದ್ದೆವು, ಹಾಗೆಂದರೆ ಅಜ್ಜಿ.

ಬುನಿಕಾಗೆ ಇಂಗ್ಲಿಷ್ ಬಾರದು, ಅವ್ವನಿಗೂ ಅಷ್ಟಕ್ಕಷ್ಟೆ. ಇಬ್ಬರನ್ನೂ ಕೂಡಿಸಿದ್ದು ಎಮ್ಮೆ. ಬುನಿಕಾಳ ಫಗರಾಶ್ ಸೀಮೆಯಲ್ಲೂ ಎಮ್ಮೆ ಸಾಕುತ್ತಾರಂತೆ. ಆಕೆ ತಲೆಗೆ ಕೈ ಹಚ್ಚಿ ಕೋಡು ಮಾಡಿ ತೋರಿಸಿದ ದಿನ ಅವ್ವ ಹೊಟ್ಟೆ ಹಿಡಿದು ನಕ್ಕಳು. "ಅಯ್ಯ, ಈಕಿ ನಮ್ಮಾಕೀನ!"

ಪಾರ್ಕಿಂಗ್ ಲಾಟಿನಲ್ಲಿ ಕ್ರಿಕೆಟ್ ಆಡಿ ಬಂದ ನನ್ನನ್ನು ಬುನಿಕಾ ಕೂರಿಸಿಕೊಂಡು, ಬ್ರೆಡ್ಡಿಗೆ ಪ್ಲಮ್ ಜಾಮ್ ಸವರುತ್ತ ತನ್ನ ಊರುಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಕೋಟೆಯ ಪೇಟೆ ಫಗರಾಶ್, ಹೊಳೆದಂಡೆಯ ಬೆಕ್ಲ್ಯಾನ್, ಎಮ್ಮೆಗಳ ಶೆರ್ಕಾಯ, ಬೆಟ್ಟದ ಕಡೆಯ ವಿಷ್ಟ್ಯ, ತನ್ನ ತವರು ದ್ರಗುಶ್. ಒಂದು ತಪ್ಪಿದರೆ ಜಾಮ್ ಇಲ್ಲ. "ಆ ಜಿಲ್ಲೇನ ಸರ್ಕಾರ ಯಾವಾಗಲೋ ತೆಗೆದುಹಾಕಿದೆ, ಮ್ಯಾಪಿನಲ್ಲಿ ಹುಡುಕಬೇಡ," ಎಂದು ಯೋನ್ ಅಂಕಲ್ ನಗುತ್ತಿದ್ದರು.

ಆ ಡಿಸೆಂಬರಿನಲ್ಲಿ ಅಪ್ಪನಿಗೆ ಹಾರ್ಟ್ ಆಪರೇಷನ್ ಆಯಿತು. ನಾಳೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರ್ ಹೇಳಿದ ಸಂಜೆ ಅವ್ವ ಗೋಧಿ ಹುಗ್ಗಿ ಮಾಡಿದಳು. ನಮ್ಮಲ್ಲಿ ಸಂತೋಷಕ್ಕೆ ಹುಗ್ಗಿ. ಮೊದಲ ಬಟ್ಟಲು ಬುನಿಕಾಗೆ. ನಾನು ಹಿಡಿದುಕೊಂಡು ಹೋದೆ, ಅವ್ವ ಹಿಂದೆ ಬಂದಳು.

ಬಟ್ಟಲು ನೋಡಿದ ಬುನಿಕಾ ಬಿಳಿಚಿಕೊಂಡಳು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಮೇಣದಬತ್ತಿ ತಂದು ಹುಗ್ಗಿಯ ನಡುವೆ ನೆಟ್ಟು ಹಚ್ಚಿದಳು. ನನ್ನನ್ನು ತಬ್ಬಿ ಅತ್ತಳು. ಅವರ ಊರುಗಳಲ್ಲಿ ಗೋಧಿ ಬೇಯಿಸಿ ಸಿಹಿ ಮಾಡಿ ಹಂಚುವುದು ಸತ್ತವರ ಹೆಸರಿನಲ್ಲಿ ಎಂದು ಯೋನ್ ಅಂಕಲ್ ತಡವರಿಸುತ್ತ ಹೇಳಿದರು. ನಾನು ಅವ್ವನಿಗೆ ತಿಳಿಸಿದೆ.

"ಯಾರ ಸತ್ತಾರಂತ ದೀಪಾ ಹಚ್ಯಾಳ?" ಅವ್ವ ಉರಿಯುವ ಬತ್ತಿಯನ್ನು ಬೆರಳಿನಲ್ಲೇ ಹಿಸುಕಿದಳು. "ನಮ್ಮನಿಯವರು ನಾಳೆ ಬರ್ತಾರ. ನಡಿಯೋ. ಇನ್ನ ಈ ಬಾಗಲಾ ತುಳದಿ ಅಂದ್ರ ನೋಡು."

ಅಪ್ಪ ಬರಲಿಲ್ಲ. ಬೆಳಗಿನ ಜಾವ ಆಸ್ಪತ್ರೆಯಲ್ಲೇ ತೀರಿಕೊಂಡರು.

"ಆ ಮುದುಕಿ ಹಚ್ಚಿದ್ದಕ್ಕ ಹಿಂಗಾತು." ಯಾರು ಎಷ್ಟು ಹೇಳಿದರೂ ಅವ್ವನದು ಅದೇ ಮಾತು.

ಯೋನ್ ಅಂಕಲ್ ನನ್ನನ್ನು ಕೆಲಸಕ್ಕೆ ಕರೆದರು. "ಶನಿವಾರ ಮಾತ್ರ ಬಾ. ಶಾಲೆ ಮುಗಿಸು."

"ಬೇಡ ಅಂಕಲ್, ದಿನಾ ಬರ್ತೀನಿ," ಎಂದೆ. ಕೈ ಒಡ್ಡುವ ಮನೆ ನಮ್ಮದಲ್ಲ. ಅವ್ವನ ಮಾತೂ ಮೀರಲಿಲ್ಲ. ಅವರ ಬಾಗಿಲು ತುಳಿಯದೆ ಕೆಳಗೆ ಟ್ರಕ್ಕಿನ ಹತ್ತಿರವೇ ನಿಂತು ಕಾಯುತ್ತಿದ್ದೆ.

ಅಪ್ಪ ಹೋದ ನಲವತ್ತನೆಯ ದಿನ, ಅವರಲ್ಲಿ ಸತ್ತವರನ್ನು ನೆನೆಯುವ ದಿನ, ಬುನಿಕಾ ತಾನೇ ಬಂದು ಬಾಗಿಲು ಬಡಿದಳು. ಕೈಯಲ್ಲಿ ಗೋಧಿಯ ತಟ್ಟೆ, ಮೇಲೆ ಅಕ್ರೋಟು, ಹಚ್ಚದ ಮೇಣದಬತ್ತಿ. ಹೊಸ್ತಿಲಾಚೆಯೇ ನಿಂತು ತನ್ನ ಸತ್ತವರನ್ನು ಊರು ಹಿಡಿದು ಕರೆದಳು. ದ್ರಗುಶ್‌ನ ಮರಿಯಾ, ವಿಷ್ಟ್ಯದ ಗೆಯೋರ್ಗೆ, ಶೆರ್ಕಾಯದ ಆನಾ... ಕೊನೆಗೆ ಅಪ್ಪನನ್ನೂ ಸ್ಪಷ್ಟವಾಗಿ, "ನವಲಗುಂದ, ಬಸವರಾಜ" ಎಂದಳು. ಕಡ್ಡಿಪೆಟ್ಟಿಗೆಯನ್ನು ಅವ್ವನ ಮುಂದೆ ಹಿಡಿದಳು.

ಅವ್ವ ಅದನ್ನು ತೆಗೆದುಕೊಂಡು ಕಡ್ಡಿ ಗೀರಿದಳು. ಒಂದು ಚಮಚ ಬಾಯಿಗೆ ಹಾಕಿಕೊಂಡು, "ಸಕ್ಕರಿ ಹಾಕ್ಯಾಳ. ಬೆಲ್ಲಾ ಕೇಳಿದ್ರ ನಾ ಕೊಡ್ತಿದ್ದಿಲ್ಲೇನು?" ಎಂದವಳೇ ಅಪ್ಪ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಮುಂದೆ ಕೆಲವು ವರ್ಷಕ್ಕೆ ಬುನಿಕಾ ತೀರಿಕೊಂಡಳು. ಅವ್ವನೂ ಹೋದಳು. ಯೋನ್ ಅಂಕಲ್ ಹ್ಯೂಸ್ಟನ್‌ಗೆ ಶಿಫ್ಟ್ ಆದರು. ನಾನು ಹುಗ್ಗಿ ಮಾಡಿದರೆ ಮಗಳು "ಟೂ ಸ್ವೀಟ್, ಅಪ್ಪಾ" ಎಂದು ಬಟ್ಟಲು ಸರಿಸುತ್ತಾಳೆ.

ಈಗ ನನಗಿರುವುದು ಲಿಯಾಂಡರ್ ಎಂಬ ಊರಿನಲ್ಲಿ ನನ್ನ ದುಡಿಮೆಯ ಒಂದು ಮನೆ, ಎರಡು ಟ್ರಕ್, ಕೈಕೆಳಗೆ ನಾಲ್ಕು ಜನ, ಮಡಚಲು ಬಾರದ ಎರಡು ಮೊಣಕಾಲು. ಬಾಯಿಪಾಠ ಬರುವ ಊರು ಆರು. ಐದನ್ನು ನಾನು ಕಂಡಿಲ್ಲ. ಆರನೆಯದರಲ್ಲಿ ನಮ್ಮವರು ಯಾರೂ ಉಳಿದಿಲ್ಲ.