ಇಳಿದ ಹನ್ನೊಂದು ಕಿಲೊ

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ನನಗೆ ಐವತ್ತೆರಡು. ಬೈಲಹೊಂಗಲದಿಂದ ಮುರಗೋಡದ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಾಠ ಮಾಡುತ್ತಿದ್ದೆ. ಗುಳಿಗೆಯ ಜೊತೆಗೆ, ಯಾರನ್ನೂ ಕೇಳದೆ, ನಾನೇ ಒಂದು ಪಥ್ಯ ಕಟ್ಟಿಕೊಂಡೆ. ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಒಂದು ರೊಟ್ಟಿ ಮತ್ತು ಸೌತೆಕಾಯಿ, ಸಂಜೆ ತಿಳಿಸಾರು. ಆರು ತಿಂಗಳಲ್ಲಿ ಹನ್ನೊಂದು ಕಿಲೊ ಇಳಿದೆ.

“ಎಷ್ಟ ಸಣ್ಣ ಆಗೀರಿ ಅಕ್ಕೋರ!” ಎಂದು ಜೊತೆಯ ಶಿಕ್ಷಕಿಯರು ಹೊಗಳುತ್ತಿದ್ದರು. ಆ ಮಾತಿಗಾಗಿಯೇ ಹಸಿವನ್ನು ತಡೆದುಕೊಂಡ ದಿನಗಳಿವೆ.

ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರೆ ಕೈ ಸೋಲುತ್ತಿತ್ತು. ವಯಸ್ಸು ಎಂದುಕೊಂಡೆ. ಒಂದು ದಿನ ಬಿದ್ದ ಚಾಕ್‌ಪೀಸ್ ತೆಗೆಯಲು ಕುಕ್ಕರಗಾಲಲ್ಲಿ ಕುಳಿತವಳಿಗೆ ಏಳಲು ಆಗಲಿಲ್ಲ. ಐದನೆಯ ತರಗತಿಯ ಇಬ್ಬರು ಹುಡುಗಿಯರು ತೋಳು ಹಿಡಿದು ಎಬ್ಬಿಸಿದರು. ಅವರಿಗೆ ಅದು ಆಟ, ನಕ್ಕರು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕುಳಿತು ಅತ್ತೆ.

ಬೈಲಹೊಂಗಲದ ಡಾಕ್ಟರು ನನ್ನ ಮಗಳ ವಯಸ್ಸಿನವರು. ತೊಡೆ ಒತ್ತಿ ನೋಡಿ ಕೇಳಿದರು, “ದಿನಾ ಏನ ಊಟ ಮಾಡ್ತೀರಿ?”

ಹೇಳಿದೆ.

“ಬರೇ ಕೊಬ್ಬ ಇಳಿದಿಲ್ರೀ, ಸ್ನಾಯುನೂ ಕರಗೈತಿ. ಮೈಗೆ ಬೇಕಾದಷ್ಟ ಕ್ಯಾಲರಿ ಇಲ್ಲ, ಪ್ರೋಟೀನಂತೂ ಇಲ್ಲಾ ಇಲ್ಲ. ಮತ್ತ ಮೈ ಎಲ್ಲಿಂದ ತಗೋಬೇಕು? ಸ್ನಾಯುನ ಕರಗಿಸಿ ತಗೋತೈತಿ.”

“ಉಂಡ್ರ ಸಕ್ಕರಿ ಏರ್ತೈತಲ್ರಿ?”

“ರೊಟ್ಟಿ ಅನ್ನ ಅಳತಿಯಾಗ ಇರ್ಲಿ, ಪೂರಾ ಬಿಡಬ್ಯಾಡ್ರಿ. ಕಾಳು, ಮೊಸರು, ಮೊಟ್ಟಿ ದಿನಾ ಇರ್ಬೇಕು. ಶೇಂಗಾ ಒಂದ ಮುಷ್ಟಿ ಸಾಕು, ಅದರಾಗ ಎಣ್ಣಿ ಭಾಳ. ಬರೇ ತಿಂದ್ರ ಸ್ನಾಯು ಬರಂಗಿಲ್ಲ. ಕುರ್ಚಿ ಮ್ಯಾಲಿಂದ ಕೈ ಊರದಂಗ ಎದ್ದು ಕುಂದರ್ರಿ, ದಿನಾ ಹತ್ತ ಸಲ.”

ನಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಿಲ್ಲ. ನಿವೃತ್ತರಾಗಿದ್ದ ನನ್ನ ಗಂಡ, ನೀರು ಕುಡಿಯಲಷ್ಟೇ ಅಡುಗೆಮನೆಗೆ ಬರುತ್ತಿದ್ದವರು, ಮಡಕಿಕಾಳು ನೆನೆಹಾಕಿ ಮೊಳಕೆ ಬರಿಸಲು ನಿಂತರು. ಮೊದಲ ಸಲ ಕಾಳು ನಾರಿ ಚೆಲ್ಲಬೇಕಾಯಿತು. ಎರಡನೆಯ ಸಲ ಆ ಮೊಳಕೆಕಾಳಿನಿಂದ ಮಾಡಿದ ಉಸಳಿಗೆ ಉಪ್ಪೇ ಇರಲಿಲ್ಲ. ಮೇಲೆ ಉಪ್ಪು ಉದುರಿಸಿಕೊಂಡು ತಿಂದೆ.

ಕುರ್ಚಿಯ ಮುಂದೆ ನಿಂತು ಅವರೇ ಎಣಿಸುತ್ತಿದ್ದರು.

“ನಾಕ ಆತು. ಇನ್ನೂ ಆರು.”

“ಸಾಕ್ರೀ, ಆಗವಲ್ದು.”

“ತಡಿ, ನಾನೂ ಮಾಡ್ತೇನಿ,” ಎಂದು ಪಕ್ಕದ ಕುರ್ಚಿಯಲ್ಲಿ ಕುಳಿತು ಎದ್ದರು. ಮೂರನೆಯದಕ್ಕೆ ಮೊಣಕಾಲು ಹಿಡಿದುಕೊಂಡು ಕುಳಿತೇಬಿಟ್ಟರು. “ನಂದೂ ಅಷ್ಟ ಐತಿ ನೋಡು.”

ಶಕ್ತಿ ಕಳೆದುಕೊಳ್ಳಲು ಆರು ತಿಂಗಳು ಸಾಕಾಗಿತ್ತು. ಮರಳಿ ಪಡೆಯಲು ವರ್ಷದ ಮೇಲಾಯಿತು, ಅದೂ ಪೂರ್ತಿ ಅಲ್ಲ. ಹಸಿವಿಲ್ಲದ ದಿನವೂ ಬಟ್ಟಲು ಖಾಲಿ ಮಾಡುವುದು ಬೇಸರದ ಕೆಲಸ. ತೂಕ ನಾಲ್ಕು ಕಿಲೊ ಏರಿದೆ, ಸಕ್ಕರೆ ಹದದಲ್ಲಿದೆ. “ಮತ್ತ ದಪ್ಪ ಆಗಾಕತ್ತೀರಿ,” ಎಂದು ಮೊನ್ನೆ ಒಬ್ಬ ಶಿಕ್ಷಕಿ ಅಂದರು. ವಿವರಿಸುವಷ್ಟು ಉಮೇದು ಇರಲಿಲ್ಲ, “ಹೌದ್ರಿ” ಎಂದೆ.

ಈಗಲೂ ಸಂಜೆ ಮನೆಗೆ ಬಂದಾಗ ದಣಿದಿರುತ್ತೇನೆ. ಒಂದು ತಾಸು ಮಲಗಿದರೆ ದಣಿವು ಹೋಗುತ್ತದೆ. ತೂಕ ಇಳಿಯುತ್ತಿದ್ದ ಆ ದಿನಗಳಲ್ಲಿ ರಾತ್ರಿಯೆಲ್ಲ ಮಲಗಿದರೂ ಹೋಗುತ್ತಿರಲಿಲ್ಲ.